56, 61, 715: ಬೇಸ್‌ಬಾಲ್ ದಾಖಲೆಗಳನ್ನು ಓದುವ ಬಗೆ

ಅಮೆರಿಕದಲ್ಲಿ ಬೇಸ್‌ಬಾಲ್ ನೋಡುತ್ತಾ ಬೆಳೆದವರ ಮುಂದೆ 56 ಅಂದರೆ ಸಾಕು, ಜೋ ಡಿಮ್ಯಾಜಿಯೊ ಹೆಸರು ಬರುತ್ತದೆ. 714 ಅಂದರೆ ಬೇಬ್ ರೂತ್. 755 ಅಂದರೆ ಹ್ಯಾಂಕ್ ಆರನ್. 2,632 ಅಂದರೆ ಕ್ಯಾಲ್ ರಿಪ್ಕೆನ್. 99.94 ಅಂದೊಡನೆ ನಮಗೆ ಬ್ರಾಡ್ಮನ್ ನೆನಪಾಗುತ್ತಾರಲ್ಲ, ಹಾಗೆಯೇ. ಆದರೆ ಅಲ್ಲಿ ಅಂಥ ಸಂಖ್ಯೆಗಳು ಹತ್ತಾರಿವೆ. ಅಜ್ಜನಿಂದ ಮೊಮ್ಮಗನಿಗೆ ಬಾಯಿಮಾತಿನಲ್ಲೇ ದಾಟುತ್ತವೆ.

ಇವನ್ನು ಸಾಮಾನ್ಯ ಜ್ಞಾನದ ಪುಸ್ತಕ ಓದಿದ ಹಾಗೆ ಓದಿದರೆ ಹೆಚ್ಚೇನೂ ದಕ್ಕುವುದಿಲ್ಲ. ಎಷ್ಟು ಪಂದ್ಯಗಳಲ್ಲಿ ಮಾಡಿದ್ದು, ಆಗ ಯಾವ ನಿಯಮವಿತ್ತು, ಅಂಗಳಕ್ಕೆ ಯಾರನ್ನು ಬಿಟ್ಟಿದ್ದರು, ಯಾರನ್ನು ಹೊರಗಿಟ್ಟಿದ್ದರು ಎಂಬುದು ಗೊತ್ತಾದಾಗಲೇ ಒಂದು ದಾಖಲೆಯ ತೂಕ ತಿಳಿಯುವುದು. ಇವುಗಳಲ್ಲಿ ಯಾರನ್ನು ಹೊರಗಿಟ್ಟಿದ್ದರು ಎಂಬ ಪ್ರಶ್ನೆಯನ್ನು ಬೇಸ್‌ಬಾಲ್ ಬಹಳ ಕಾಲ ತನಗೆ ತಾನೇ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಾಗ ಎಂಬತ್ತು ವರ್ಷ ಹಳೆಯ ಪಟ್ಟಿಗಳೇ ಬದಲಾದವು.

ಮೊದಲು ಆಟದ ಲೆಕ್ಕ

ಕ್ರಿಕೆಟ್ ಗೊತ್ತಿದ್ದವರಿಗೆ ಬೇಸ್‌ಬಾಲ್‌ನ ಲೆಕ್ಕ ಕಷ್ಟವಲ್ಲ. ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸ್‌ನಲ್ಲಿ ಎರಡೂ ತಂಡಗಳಿಗೆ ಒಂದೊಂದು ಸರದಿ. ಮೂವರು ಔಟಾದರೆ ಆ ಸರದಿ ಮುಗಿಯಿತು. ಅಂದರೆ ಪೂರ್ತಿ ಪಂದ್ಯದಲ್ಲಿ ಎದುರಾಳಿಯನ್ನು 27 ಸಲ ಔಟ್ ಮಾಡಬೇಕು. ಚೆಂಡು ಎಸೆಯುವವರು ಪಿಚರ್. ಅವರು ನಿಲ್ಲುವ ಜಾಗದಿಂದ ಬ್ಯಾಟರ್ ಮುಂದಿನ ಹೋಮ್ ಪ್ಲೇಟ್‌ಗೆ 18.44 ಮೀಟರ್ ದೂರ. ಚೆಂಡು ನೆಲಕ್ಕೆ ಬಡಿಯದೆ ನೇರವಾಗಿ ಬರುತ್ತದೆ. ಹೊಡೆದವರು ಮೊದಲ, ಎರಡನೇ, ಮೂರನೇ ಬೇಸ್ ಎಂಬ ನಿಲುಗಡೆಗಳನ್ನು ಕ್ರಮವಾಗಿ ಮುಟ್ಟಿ ಹೋಮ್ ಪ್ಲೇಟ್‌ಗೆ ಮರಳಿದರೆ ಒಂದು ರನ್. ನೆಲದ ಮೇಲೆ ಹೋದ ಚೆಂಡು ಅವರಿಗಿಂತ ಮೊದಲೇ ಮೊದಲ ಬೇಸ್ ತಲುಪಿದರೆ ಔಟ್. ಗುರಿಗೆ ಸರಿಯಾಗಿ ಬಂದ ಚೆಂಡನ್ನು ಹೊಡೆಯದೆ ಬಿಟ್ಟರೆ, ಅಥವಾ ಬೀಸಿದರೂ ಬ್ಯಾಟಿಗೆ ತಾಗದಿದ್ದರೆ, ಅದು ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್. ಪಿಚರ್ ನಾಲ್ಕು ಸಲ ಗುರಿ ತಪ್ಪಿ ಎಸೆದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ ಸಿಗುತ್ತದೆ, ಅದನ್ನು ವಾಕ್ ಅನ್ನುತ್ತಾರೆ. ಚೆಂಡನ್ನು ಹೊಡೆದು, ಫೀಲ್ಡರ್‌ಗಳ ತಪ್ಪಿನ ನೆರವಿಲ್ಲದೆ, ಒಂದು ಬೇಸಾದರೂ ತಲುಪಿದರೆ ಅದು ಹಿಟ್. ಚೆಂಡು ಗಾಳಿಯಲ್ಲೇ ಬೇಲಿ ದಾಟಿದರೆ ಹೋಮ್ ರನ್.

ಮುಖ್ಯ ವ್ಯತ್ಯಾಸ ಒಂದಿದೆ. ಕ್ರಿಕೆಟ್‌ನಲ್ಲಿ ಒಬ್ಬ ಬ್ಯಾಟರ್ ದಿನವಿಡೀ ನಿಂತು ಇನ್ನೂರು ಹೊಡೆಯಬಹುದು. ಬೇಸ್‌ಬಾಲ್‌ನಲ್ಲಿ ಹೋಮ್ ರನ್ ಹೊಡೆದರೂ ಹೋಗಿ ಕೂರಬೇಕು, ಒಂಬತ್ತು ಜನರ ಸರದಿ ಸುತ್ತಿ ಬರಬೇಕು. ಒಬ್ಬರಿಗೆ ಪಂದ್ಯಕ್ಕೆ ನಾಲ್ಕೈದು ಅವಕಾಶ ಅಷ್ಟೇ. ಹೀಗಾಗಿ ಅಲ್ಲಿನ ದೊಡ್ಡ ದಾಖಲೆಗಳು ಬಹುತೇಕ ಚೂರುಚೂರಾಗಿ ಕೂಡಿದಂಥವು. ಒಂದು ಋತುವಿಗೆ ಈಗ 162 ಪಂದ್ಯ, ಏಪ್ರಿಲ್ ಆಸುಪಾಸಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಮ್ಮಿ ದಿನವೂ ಆಟ. ಬ್ಯಾಟಿಂಗ್ ಸರಾಸರಿ ಅಂದರೆ ಹಿಟ್‌ಗಳನ್ನು ಅವಕಾಶಗಳಿಂದ ಭಾಗಿಸಿದ್ದು, ವಾಕ್‌ಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 0.300 ಬಂದರೆ ಒಳ್ಳೆಯ ಬ್ಯಾಟರ್. ಹತ್ತರಲ್ಲಿ ಏಳು ಸಲ ಸೋಲುವವರನ್ನು ಉತ್ತಮರೆಂದು ಕರೆಯುವ ಆಟ ಇದು.

1941ರ ಬೇಸಿಗೆ

ಈ ಲೆಕ್ಕವನ್ನು ಕೈಯಲ್ಲಿಟ್ಟುಕೊಂಡು 1941ಕ್ಕೆ ಹೋಗೋಣ. ಆ ವರ್ಷ ಮೇ 15ರಂದು ನ್ಯೂಯಾರ್ಕ್ ಯಾಂಕೀಸ್ ತಂಡದ ಜೋ ಡಿಮ್ಯಾಜಿಯೊ ಒಂದು ಹಿಟ್ ಹೊಡೆದರು. ಮರುದಿನವೂ ಹೊಡೆದರು. ಹೀಗೆ ಜುಲೈ 16ರವರೆಗೆ, ಸತತ 56 ಪಂದ್ಯಗಳಲ್ಲಿ, ಒಂದೂ ಪಂದ್ಯ ಬಿಡದೆ ಕನಿಷ್ಠ ಒಂದು ಹಿಟ್. ಅದಕ್ಕೂ ಮೊದಲಿನ ದಾಖಲೆ ವಿಲೀ ಕೀಲರ್ ಅವರದು, 1897ರಷ್ಟು ಹಳೆಯದು. ಡಿಮ್ಯಾಜಿಯೊ ನಂತರ ಇಷ್ಟು ಹತ್ತಿರ ಬಂದವರು ಅಂದರೆ 1978ರಲ್ಲಿ ಪೀಟ್ ರೋಸ್, ಅವರೂ 44ಕ್ಕೇ ನಿಂತರು.

56 ಯಾಕೆ ಇಷ್ಟು ಕಷ್ಟ? ಒಂದು ಸರಳ ಲೆಕ್ಕ ಹಾಕಬಹುದು. 0.350 ಸರಾಸರಿಯ ಅತ್ಯುತ್ತಮ ಬ್ಯಾಟರ್‌ಗೆ ಪಂದ್ಯಕ್ಕೆ ನಾಲ್ಕು ಅವಕಾಶ ಅಂತ ಇಟ್ಟುಕೊಳ್ಳಿ. ನಾಲ್ಕರಲ್ಲೂ ಸೋಲುವ ಸಾಧ್ಯತೆ ಶೇ 18ರ ಆಸುಪಾಸು, ಅಂದರೆ ಒಂದು ಹಿಟ್ಟಾದರೂ ಸಿಗುವ ಸಾಧ್ಯತೆ ಶೇ 82. ಒಂದು ದಿನಕ್ಕೆ ಇದು ಚೆನ್ನಾಗಿಯೇ ಇದೆ. ಆದರೆ 56 ದಿನ ಒಂದಾದ ಮೇಲೊಂದು ಅದೇ ಆಗಬೇಕೆಂದರೆ 0.82 ಅನ್ನು 56 ಸಲ ಗುಣಿಸಬೇಕು. ಬರುವ ಉತ್ತರ ಸುಮಾರು ಅರುವತ್ತು ಸಾವಿರದಲ್ಲಿ ಒಂದು. ಅದೂ ಗಾಯವಿಲ್ಲದೆ, ಮಳೆಗೆ ಆಟ ಅರ್ಧಕ್ಕೆ ನಿಲ್ಲದೆ, ಪಿಚರ್‌ಗಳು ಬೇಕೆಂದೇ ವಾಕ್ ಕೊಟ್ಟು ಅವಕಾಶ ತಪ್ಪಿಸದೆ ಇದ್ದರೆ.

ಸರಣಿ ಮುರಿದದ್ದು ಜುಲೈ 17ರಂದು, ಕ್ಲೀವ್‌ಲ್ಯಾಂಡ್‌ನಲ್ಲಿ, 67 ಸಾವಿರಕ್ಕೂ ಹೆಚ್ಚು ಜನರ ಎದುರು. ಮೂರನೇ ಬೇಸ್ ಕಾಯುತ್ತಿದ್ದ ಕೆನ್ ಕೆಲ್ಟ್ನರ್ ಎರಡು ಸಲ ಗೆರೆಯ ಪಕ್ಕಕ್ಕೆ ಹಾರಿ, ಹಿಂಗೈಯಲ್ಲಿ ಚೆಂಡು ಹಿಡಿದು, ದೂರದಿಂದ ಮೊದಲ ಬೇಸ್‌ಗೆ ಎಸೆದು ಡಿಮ್ಯಾಜಿಯೊರನ್ನು ಔಟ್ ಮಾಡಿಸಿದರು. ಚೆಂಡು ಒಂದು ಗೇಣು ಆಚೆ ಹೋಗಿದ್ದರೂ ಸರಣಿ ಉಳಿಯುತ್ತಿತ್ತು. ಮರುದಿನದಿಂದ ಡಿಮ್ಯಾಜಿಯೊ ಮತ್ತೆ 16 ಪಂದ್ಯಗಳಲ್ಲಿ ಸತತವಾಗಿ ಹಿಟ್ ಹೊಡೆದರು.

ಅದೇ ವರ್ಷ ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್, ಆಗಿನ್ನೂ 23ರ ಹುಡುಗ, ಋತುವಿನ ಕೊನೆಯ ದಿನಕ್ಕೆ ಬಂದಾಗ ಅವರ ಸರಾಸರಿ 0.39955. ಸರಾಸರಿಯನ್ನು ಮೂರು ಅಂಕಿಗಳಲ್ಲಿ ಬರೆಯುವುದು ರೂಢಿ, ಆದ್ದರಿಂದ ಅದು 0.400 ಎಂದೇ ದಾಖಲಾಗುತ್ತಿತ್ತು. ಆವತ್ತು ಸೆಪ್ಟೆಂಬರ್ 28, ಫಿಲಡೆಲ್ಫಿಯಾದಲ್ಲಿ ಒಂದೇ ದಿನ ಎರಡು ಪಂದ್ಯ. ಬೇಕಿದ್ದರೆ ಆಡದೆ ಕೂತುಕೋ ಅಂತ ಮ್ಯಾನೇಜರ್ ಜೋ ಕ್ರೋನಿನ್ ಹೇಳಿದರು. ವಿಲಿಯಮ್ಸ್ ಎರಡೂ ಪಂದ್ಯ ಆಡಿದರು. ಎಂಟು ಅವಕಾಶಗಳಲ್ಲಿ ಆರು ಹಿಟ್. ವರ್ಷದ ಲೆಕ್ಕ 456ರಲ್ಲಿ 185, ಸರಾಸರಿ 0.406. ಇಂದಿನ ನಿಯಮದಲ್ಲಿ, ತಾನು ಔಟಾದರೂ ಎತ್ತರದ ಹೊಡೆತದಿಂದ ಸಹ ಆಟಗಾರನಿಗೆ ರನ್ ತಂದುಕೊಟ್ಟರೆ ಅದನ್ನು ಸರಾಸರಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. 1941ರಲ್ಲಿ ಸೇರಿಸುತ್ತಿದ್ದರು. ಈಗಿನ ಲೆಕ್ಕವಾಗಿದ್ದರೆ ವಿಲಿಯಮ್ಸ್ ಸಂಖ್ಯೆ ಇನ್ನೂ ಮೇಲೇರುತ್ತಿತ್ತು. ಆ ವರ್ಷದ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ ಮಾತ್ರ ಡಿಮ್ಯಾಜಿಯೊ ಪಾಲಾಯಿತು.

ಅಲ್ಲಿಂದೀಚೆಗೆ ಎರಡು ದೊಡ್ಡ ಲೀಗ್‌ಗಳಾದ ಅಮೆರಿಕನ್ ಮತ್ತು ನ್ಯಾಷನಲ್ ಲೀಗ್‌ಗಳಲ್ಲಿ ಯಾರೂ 0.400 ಮುಟ್ಟಿಲ್ಲ. 1994ರಲ್ಲಿ ಟೋನಿ ಗ್ವಿನ್ 0.394ರಲ್ಲಿದ್ದಾಗ ಆಟಗಾರರ ಮುಷ್ಕರದಿಂದ ಆಗಸ್ಟ್‌ನಲ್ಲೇ ಋತು ನಿಂತುಹೋಯಿತು. ಈಗಿನ ಬ್ಯಾಟರ್‌ಗಳು ಕೈಲಾಗದವರೆಂದು ಇದರರ್ಥವಲ್ಲ. ಆಗ ಒಬ್ಬ ಪಿಚರ್ ಪಂದ್ಯವಿಡೀ ಎಸೆಯುತ್ತಿದ್ದರು, ನಾಲ್ಕನೇ ಸಲ ಎದುರಾಗುವ ಹೊತ್ತಿಗೆ ದಣಿದಿರುತ್ತಿದ್ದರು. ಈಗ ಐದಾರು ಇನ್ನಿಂಗ್ಸ್ ಆಗುತ್ತಿದ್ದಂತೆ ಗಂಟೆಗೆ 150 ಕಿ.ಮೀ. ಮೀರಿ ಎಸೆಯುವ ಹೊಸ ಪಿಚರ್ ಬರುತ್ತಾರೆ. ಸ್ಪರ್ಧೆಯ ಮಟ್ಟ ಏರಿದಂತೆ ಅತಿ ಒಳ್ಳೆಯವರಿಗೂ ಸಾಧಾರಣದವರಿಗೂ ನಡುವಿನ ಅಂತರ ಕಿರಿದಾಗುತ್ತದೆ, ತೀರಾ ಎತ್ತರದ ಸಂಖ್ಯೆಗಳು ಅಪರೂಪವಾಗುತ್ತವೆ.

27 ಜನ, 27 ಔಟ್

ಪಿಚರ್ ಪಾಲಿಗೆ ಇದರ ಮೇಲೆ ಇನ್ನೊಂದಿಲ್ಲ ಅನ್ನುವಂಥದ್ದು ಪರ್ಫೆಕ್ಟ್ ಗೇಮ್. ಎದುರಾಳಿಯ 27 ಬ್ಯಾಟರ್‌ಗಳು ಬರಬೇಕು, 27 ಜನವೂ ಔಟಾಗಬೇಕು. ಹಿಟ್ ಇಲ್ಲ, ವಾಕ್ ಇಲ್ಲ, ಫೀಲ್ಡರ್‌ಗಳ ತಪ್ಪಿನಿಂದಲೂ ಯಾರೂ ಬೇಸ್ ತಲುಪುವಂತಿಲ್ಲ. ಒಂದೂವರೆ ಶತಮಾನದ ಲೀಗ್ ಬೇಸ್‌ಬಾಲ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪಂದ್ಯಗಳು ನಡೆದಿವೆ. 2023ರ ಜೂನ್‌ನಲ್ಲಿ ಯಾಂಕೀಸ್‌ನ ಡೊಮಿಂಗೊ ಹೆರ್ಮಾನ್ ಎಸೆದದ್ದು 24ನೆಯ ಪರ್ಫೆಕ್ಟ್ ಗೇಮ್. 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಪಡೆದ ದಿನ, ಒಂಬತ್ತಾದ ಮೇಲೆ ಜಾವಗಲ್ ಶ್ರೀನಾಥ್ ವಿಕೆಟ್ ಬೀಳದಿರಲಿ ಎಂದು ಸ್ಟಂಪ್‌ಗಳಿಂದ ದೂರ ದೂರ ಎಸೆದದ್ದು ನೆನಪಿರಬಹುದು. ಪರ್ಫೆಕ್ಟ್ ಗೇಮ್ ನಡೆಯುತ್ತಿರುವಾಗಲೂ ತಂಡದವರಲ್ಲಿ ಅಂಥದ್ದೇ ಎಚ್ಚರ. ಪಿಚರ್ ಬಂದು ಕೂತರೆ ಪಕ್ಕದಲ್ಲಿ ಯಾರೂ ಕೂರುವುದಿಲ್ಲ, ಆ ವಿಷಯವನ್ನು ಬಾಯಲ್ಲೂ ಆಡುವುದಿಲ್ಲ.

ಈ 24ರಲ್ಲಿ ಒಂದೇ ಒಂದು ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಚಾಂಪಿಯನ್‌ಶಿಪ್ ಸರಣಿಯಲ್ಲಿ ಬಂದದ್ದು. 1956ರ ಅಕ್ಟೋಬರ್ 8, ಯಾಂಕೀ ಸ್ಟೇಡಿಯಂ, ಎದುರಾಳಿ ಬ್ರೂಕ್ಲಿನ್ ಡಾಡ್ಜರ್ಸ್. ಎಸೆದವರು ಡಾನ್ ಲಾರ್ಸೆನ್. ಅದೇ ಸರಣಿಯ ಎರಡನೇ ಪಂದ್ಯದಲ್ಲಿ ಎರಡು ಇನ್ನಿಂಗ್ಸ್ ಕೂಡ ಪೂರೈಸಲಾಗದೆ ಅಂಗಳ ಬಿಟ್ಟವರು ಅವರು. ಆ ದಿನ 97 ಎಸೆತಗಳಲ್ಲಿ 27 ಔಟ್. ಕೊನೆಯ ಬ್ಯಾಟರ್ ಡೇಲ್ ಮಿಚೆಲ್ ಮೂರನೇ ಸ್ಟ್ರೈಕ್‌ಗೆ ಬ್ಯಾಟ್ ಬೀಸದೆ ನಿಂತಾಗ, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಯೋಗಿ ಬೆರಾ ಓಡಿಬಂದು ಲಾರ್ಸೆನ್ ತೋಳಿಗೆ ಜಿಗಿದರು. ಆ ಚಿತ್ರ ಅಮೆರಿಕದ ಕ್ರೀಡಾ ಇತಿಹಾಸದಲ್ಲಿ ಅತಿ ಹೆಚ್ಚು ಅಚ್ಚಾದ ಚಿತ್ರಗಳಲ್ಲೊಂದು. ಇಡೀ ವೃತ್ತಿಜೀವನದಲ್ಲಿ ಲಾರ್ಸೆನ್ ಗೆದ್ದದ್ದು 81 ಪಂದ್ಯ, ಸೋತದ್ದು 91.

ಆದರೂ ನನ್ನನ್ನು ಹೆಚ್ಚು ಕಾಡುವುದು ಪಟ್ಟಿಯಲ್ಲಿಲ್ಲದ ಒಂದು ಪಂದ್ಯ. 2010ರ ಜೂನ್ 2, ಡೆಟ್ರಾಯಿಟ್. ವೆನೆಜುವೆಲಾದ ಅರ್ಮಾಂಡೊ ಗಲರಾಗಾ 26 ಜನರನ್ನು ಔಟ್ ಮಾಡಿದ್ದಾರೆ. ಒಂಬತ್ತನೇ ಇನ್ನಿಂಗ್ಸ್‌ನ ಮೊದಲ ಬ್ಯಾಟರ್ ಹೊಡೆದ ಚೆಂಡು ಬೇಲಿಯ ಕಡೆಗೆ ಹೋದಾಗ ಆಸ್ಟಿನ್ ಜಾಕ್ಸನ್ ಬೆನ್ನು ತಿರುಗಿಸಿ ಓಡಿ, ತಲೆಯ ಮೇಲಿಂದ ಬಂದ ಚೆಂಡನ್ನು ಹಿಡಿದಿದ್ದಾರೆ. 27ನೆಯವರು ಜೇಸನ್ ಡೊನಾಲ್ಡ್. ಅವರು ಹೊಡೆದ ಚೆಂಡು ನೆಲದ ಮೇಲೆ ಬಲಕ್ಕೆ ಹೋಯಿತು. ಮಿಗೆಲ್ ಕ್ಯಾಬ್ರೆರಾ ಅದನ್ನು ಹಿಡಿದು ಮೊದಲ ಬೇಸ್‌ನತ್ತ ಎಸೆದರು. ಪಿಚಿಂಗ್ ಜಾಗದಿಂದ ಓಡಿಬಂದ ಗಲರಾಗಾ ಚೆಂಡು ಹಿಡಿದು ಬೇಸ್ ತುಳಿದರು. ಡೊನಾಲ್ಡ್ ಕಾಲು ಬಿದ್ದದ್ದು ಅದಾದ ಮೇಲೆ. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಚಾಚಿ ಸೇಫ್, ಅಂದರೆ ಔಟಲ್ಲ, ಎಂದರು.

ಗಲರಾಗಾ ನಕ್ಕರು. ವಾದಿಸಲಿಲ್ಲ, ಕಿರುಚಲಿಲ್ಲ. ವಾಪಸ್ ಹೋಗಿ ಮುಂದಿನ ಬ್ಯಾಟರ್‌ನ್ನು ಔಟ್ ಮಾಡಿ ಪಂದ್ಯ ಮುಗಿಸಿದರು. ಜಾಯ್ಸ್ ಒಳಗೆ ಹೋಗಿ ಟಿವಿಯಲ್ಲಿ ನೋಡಿದಾಗ ತಮ್ಮ ತಪ್ಪು ಕಣ್ಣಿಗೆ ಕಟ್ಟಿತು. ಆ ಹುಡುಗನ ಪರ್ಫೆಕ್ಟ್ ಗೇಮನ್ನು ತಾನೇ ಕಿತ್ತುಕೊಂಡೆ ಎಂದು ವರದಿಗಾರರ ಮುಂದೆ ಒಪ್ಪಿಕೊಂಡು, ಗಲರಾಗಾರನ್ನು ಕಂಡು ಕ್ಷಮೆ ಕೇಳಿದರು. ಮರುದಿನ ಮಧ್ಯಾಹ್ನದ ಪಂದ್ಯಕ್ಕೆ ಹೋಮ್ ಪ್ಲೇಟ್ ಹಿಂದೆ ನಿಲ್ಲುವ ಸರದಿ ಜಾಯ್ಸ್ ಅವರದೇ. ಆಟಗಾರರ ಪಟ್ಟಿಯನ್ನು ಅಂಪೈರ್ ಕೈಗೆ ಕೊಡಲು ತಂಡ ಕಳಿಸಿದ್ದು ಗಲರಾಗಾ ಅವರನ್ನು. ಜಾಯ್ಸ್ ಕಣ್ಣೊರೆಸಿಕೊಳ್ಳುತ್ತಾ ಆ ಕಾಗದ ತೆಗೆದುಕೊಂಡರು. ಲೀಗ್‌ನ ಕಮಿಷನರ್ ಬಡ್ ಸೆಲಿಗ್ ತೀರ್ಪನ್ನು ಬದಲಿಸಲಿಲ್ಲ, ಹಾಗಾಗಿ ದಾಖಲೆಯಲ್ಲಿ ಅದು ಇಂದಿಗೂ ಒಂದು ಹಿಟ್‌ನ ಪಂದ್ಯ. ಇಂಥ ತೀರ್ಪುಗಳನ್ನು ವಿಡಿಯೊದಲ್ಲಿ ಮರುಪರಿಶೀಲಿಸುವ ವ್ಯವಸ್ಥೆ ಬಂದದ್ದು 2014ರಲ್ಲಿ.

61 ಮತ್ತು ಎಂಟು ಪಂದ್ಯಗಳ ಜಗಳ

ಒಂದೇ ಋತುವಿನಲ್ಲಿ 60 ಹೋಮ್ ರನ್ ಹೊಡೆದು ಬೇಬ್ ರೂತ್ 1927ರಲ್ಲಿ ದಾಖಲೆ ಬರೆದಾಗ ಋತುವಿಗೆ 154 ಪಂದ್ಯಗಳಿದ್ದವು. 1961ರಲ್ಲಿ ಅಮೆರಿಕನ್ ಲೀಗ್‌ಗೆ ಎರಡು ಹೊಸ ತಂಡ ಬಂದು ಪಂದ್ಯಗಳು 162ಕ್ಕೆ ಏರಿದವು. ಅದೇ ವರ್ಷ ಯಾಂಕೀಸ್‌ನ ಇಬ್ಬರು, ಮಿಕಿ ಮ್ಯಾಂಟಲ್ ಮತ್ತು ರಾಜರ್ ಮಾರಿಸ್, ರೂತ್ ಹಿಂದೆ ಬಿದ್ದರು. ಆಗಿನ ಕಮಿಷನರ್ ಫೋರ್ಡ್ ಫ್ರಿಕ್ ಜುಲೈನಲ್ಲಿ ಒಂದು ತೀರ್ಪು ಕೊಟ್ಟರು: 154 ಪಂದ್ಯಗಳೊಳಗೆ ಮುರಿದರೆ ಸರಿ, ಆಮೇಲೆ ಮುರಿದರೆ ಎರಡು ದಾಖಲೆಗಳನ್ನು ಬೇರೆ ಬೇರೆಯಾಗಿ ತೋರಿಸಬೇಕು. ಈ ಫ್ರಿಕ್ ಹಿಂದೆ ಪತ್ರಕರ್ತರಾಗಿದ್ದವರು, ರೂತ್ ಹೆಸರಿನಲ್ಲಿ ಲೇಖನ ಬರೆದುಕೊಡುತ್ತಿದ್ದವರು, ಅವರ ಸ್ನೇಹಿತರು. ಋತುವಿನ ನಡುವೆ, ಇಬ್ಬರು ದಾಖಲೆಯ ಹತ್ತಿರ ಬರುತ್ತಿರುವಾಗ, ಇಂಥವರು ನಿಯಮ ಮಾಡಿದ್ದು ಅನ್ಯಾಯವೆಂದೇ ನನಗನಿಸುತ್ತದೆ.

154 ಪಂದ್ಯ ಮುಗಿದಾಗ ಮಾರಿಸ್ 59ರಲ್ಲಿದ್ದರು. 61ನೆಯದು ಬಂದದ್ದು ಕೊನೆಯ ದಿನ, ಅಕ್ಟೋಬರ್ 1ರಂದು. ನೋಡಲು ಬಂದವರು 23,154 ಜನ, ಕ್ರೀಡಾಂಗಣ ಅರ್ಧವೂ ತುಂಬಿರಲಿಲ್ಲ. ಒತ್ತಡದಲ್ಲಿ ಆ ಬೇಸಿಗೆ ಮಾರಿಸ್ ತಲೆಗೂದಲು ಉದುರುತ್ತಿತ್ತು. ಅಂಕಿಯ ಪಕ್ಕ ನಕ್ಷತ್ರ ಚಿಹ್ನೆ ಹಾಕಿದರೆಂಬ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಅಂಥ ಚಿಹ್ನೆಯನ್ನು ಹಾಕುವ ಅಧಿಕೃತ ದಾಖಲೆ ಪುಸ್ತಕವೇ ಲೀಗ್ ಬಳಿ ಆಗ ಇರಲಿಲ್ಲ. ಆದರೂ ಎರಡು ದಾಖಲೆಗಳನ್ನು ಬೇರೆಬೇರೆಯಾಗಿ ಎಣಿಸುವ ಪದ್ಧತಿ 1991ರವರೆಗೆ ಉಳಿಯಿತು. ಮಾರಿಸ್ ತೀರಿಕೊಂಡದ್ದು 1985ರಲ್ಲಿ.

ಮುಂದಿನ ಕಥೆ ಬೇಗ ಹೇಳಬಹುದು. 1998ರಲ್ಲಿ ಮಾರ್ಕ್ ಮೆಗ್ವಾಯರ್ 70, 2001ರಲ್ಲಿ ಬ್ಯಾರಿ ಬಾಂಡ್ಸ್ 73. ಮೆಗ್ವಾಯರ್ ತಾವು ಸ್ಟಿರಾಯ್ಡ್ ಬಳಸಿದ್ದನ್ನು 2010ರಲ್ಲಿ ಒಪ್ಪಿಕೊಂಡರು. ಬಾಂಡ್ಸ್ ತಾವು ತಿಳಿದೂ ತಿಳಿದೂ ಬಳಸಿಲ್ಲ ಎಂದೇ ಹೇಳುತ್ತಾ ಬಂದಿದ್ದಾರೆ. ಒಟ್ಟು 762 ಹೋಮ್ ರನ್ ಹೊಡೆದೂ ಆಟದ ಶ್ರೇಷ್ಠರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಸೇರಲು ಬೇಕಾದಷ್ಟು ಮತ ಕ್ರೀಡಾ ಬರಹಗಾರರಿಂದ ಅವರಿಗೆ ಹತ್ತು ವರ್ಷದಲ್ಲಿ ಒಮ್ಮೆಯೂ ಸಿಗಲಿಲ್ಲ. 2022ರ ಅಕ್ಟೋಬರ್ 4ರಂದು ಯಾಂಕೀಸ್‌ನ ಆರನ್ ಜಡ್ಜ್ 62ನೆಯದನ್ನು ಹೊಡೆದು ಅಮೆರಿಕನ್ ಲೀಗ್‌ನಲ್ಲಿ ಮಾರಿಸ್‌ರನ್ನು ದಾಟಿದರು. ಔಷಧ ತಪಾಸಣೆಯ ಕಾಲದಲ್ಲಿ ಬಂದ ಇದನ್ನೇ ನಿಜವಾದ ದಾಖಲೆ ಎಂದು ಮಾರಿಸ್ ಮಗನೂ ಸೇರಿ ಹಲವರು ಹೇಳಿದರು. ಅಧಿಕೃತ ಪಟ್ಟಿಯಲ್ಲಿ ಮಾತ್ರ ಇವತ್ತಿಗೂ ಮೇಲಿರುವುದು 73.

715

ಬೇಬ್ ರೂತ್‌ರ ಒಟ್ಟು 714 ಹೋಮ್ ರನ್‌ಗಳ ದಾಖಲೆಯನ್ನು ಯಾರೂ ಮುಟ್ಟಲಾರರೆಂದು ದಶಕಗಳ ಕಾಲ ನಂಬಿದ್ದರು. 1973ರ ಋತು ಮುಗಿದಾಗ ಅಟ್ಲಾಂಟಾ ಬ್ರೇವ್ಸ್‌ನ ಹ್ಯಾಂಕ್ ಆರನ್ 713ರಲ್ಲಿದ್ದರು. ಅಲಬಾಮಾದ ಮೊಬೀಲ್‌ನಲ್ಲಿ ಹುಟ್ಟಿದ ಕಪ್ಪು ವರ್ಣೀಯರು ಅವರು. ಇಡೀ ಚಳಿಗಾಲ ಕಾಯಬೇಕಾಯಿತು. ಆ ಚಳಿಗಾಲದಲ್ಲಿ ಅವರಿಗೆ ರಾಶಿ ರಾಶಿ ಪತ್ರಗಳು ಬಂದವು. ಹಾರೈಕೆಯ ಪತ್ರಗಳ ನಡುವೆ ಬಿಳಿಯನ ದಾಖಲೆ ಮುಟ್ಟಿದರೆ ಕೊಲ್ಲುತ್ತೇವೆ ಎಂಬ ಪತ್ರಗಳೂ ಇದ್ದವು. ಅಂಗರಕ್ಷಕರಿಲ್ಲದೆ ಹೊರಗೆ ಹೋಗುವಂತಿರಲಿಲ್ಲ, ಮಕ್ಕಳಿಗೂ ಕಾವಲಿತ್ತು. ಆ ಪತ್ರಗಳನ್ನು ಆರನ್ ಎಸೆಯಲಿಲ್ಲ, ಜೀವನಪೂರ್ತಿ ಇಟ್ಟುಕೊಂಡರು.

1974ರ ಏಪ್ರಿಲ್ 4ರಂದು ಸಿನ್ಸಿನಾಟಿಯಲ್ಲಿ, ಋತುವಿನ ಮೊದಲ ಪಂದ್ಯದಲ್ಲಿ, ಮೊದಲ ಸಲ ಬ್ಯಾಟ್ ಬೀಸಿದಾಗಲೇ 714. ಏಪ್ರಿಲ್ 8ರ ರಾತ್ರಿ ಅಟ್ಲಾಂಟಾದಲ್ಲಿ 53,775 ಜನ ಸೇರಿದ್ದರು. ಮೊದಲ ಸರದಿಯಲ್ಲಿ ಡಾಡ್ಜರ್ಸ್‌ನ ಅಲ್ ಡೌನಿಂಗ್ ವಾಕ್ ಕೊಟ್ಟರು. ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಡೌನಿಂಗ್ ಎಸೆದ ಚೆಂಡನ್ನು ಆರನ್ ಎಡ-ಮಧ್ಯದ ಬೇಲಿಯಾಚೆ ಕಳಿಸಿದರು. ಬಿಲ್ ಬಕ್ನರ್ ಬೇಲಿ ಹತ್ತಿದರೂ ಎಟುಕಲಿಲ್ಲ, ಆಚೆ ನಿಂತಿದ್ದ ಬ್ರೇವ್ಸ್‌ನ ಟಾಮ್ ಹೌಸ್ ಕೈಗೆ ಚೆಂಡು ಬಂತು. ಆರನ್ ಎರಡನೇ ಬೇಸ್ ದಾಟುವಾಗ ಇಬ್ಬರು ಹುಡುಗರು ಅಂಗಳಕ್ಕೆ ನುಗ್ಗಿ ಅವರ ಬೆನ್ನು ತಟ್ಟುತ್ತಾ ಜೊತೆಗೆ ಓಡಿದರು. ಕೊಲೆ ಬೆದರಿಕೆಯಿದ್ದ ಆ ರಾತ್ರಿ ಅದು ಎಂಥ ಅಪಾಯದ ಗಳಿಗೆಯಾಗಿತ್ತೆಂದು ಹೋಮ್ ಪ್ಲೇಟ್ ಬಳಿ ಅವರನ್ನು ಬಿಗಿಯಾಗಿ ಅಪ್ಪಿಕೊಂಡ ಅಮ್ಮ ಎಸ್ಟೆಲಾ ಅವರಿಗೆ ಚೆನ್ನಾಗಿ ಗೊತ್ತಿತ್ತು. ರೇಡಿಯೊದಲ್ಲಿ ಡಾಡ್ಜರ್ಸ್ ಪರ ವೀಕ್ಷಕ ವಿವರಣೆ ಕೊಡುತ್ತಿದ್ದ ವಿನ್ ಸ್ಕಲಿ ಬಹಳ ಹೊತ್ತು ಮಾತಾಡದೆ ಜನರ ಕೂಗನ್ನಷ್ಟೇ ಕೇಳಿಸಿದರು. ಆಮೇಲೆ, ಡೀಪ್ ಸೌತ್‌ನಲ್ಲಿ, ಅಂದರೆ ವರ್ಣಭೇದ ಆಳವಾಗಿ ಬೇರೂರಿದ್ದ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಒಬ್ಬ ಕಪ್ಪು ಮನುಷ್ಯನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ ಎಂದು ಹೇಳಿದರು.

ಆರನ್ 1976ರಲ್ಲಿ 755ಕ್ಕೆ ನಿಲ್ಲಿಸಿದರು. ಒಂದೇ ಋತುವಿನಲ್ಲಿ ಅವರು 50 ಹೊಡೆದದ್ದೇ ಇಲ್ಲ, ಗರಿಷ್ಠ 47. ಇಪ್ಪತ್ತಮೂರು ವರ್ಷ ಬಿಡದೆ ಕೂಡಿಸಿದ ಸಂಖ್ಯೆ ಅದು. ಅವರ ಒಟ್ಟು ಹಿಟ್‌ಗಳು 3,771. ಅದರಿಂದ 755 ಹೋಮ್ ರನ್‌ಗಳನ್ನೂ ತೆಗೆದುಹಾಕಿದರೆ 3,016 ಉಳಿಯುತ್ತವೆ. ಮೂರು ಸಾವಿರ ಹಿಟ್ ಅಂದರೇ ಹಾಲ್ ಆಫ್ ಫೇಮ್ ಮಟ್ಟದ ಸಾಧನೆ.

ಮುರಿಯಲಾಗದವು, ಹೊಸದಾಗಿ ಹುಟ್ಟಿದವು

ಕೆಲವು ದಾಖಲೆಗಳು ಮುರಿಯದೆ ಉಳಿದಿರುವುದು ಆಟವೇ ಬದಲಾದದ್ದರಿಂದ. ಸೈ ಯಂಗ್ 1890ರಿಂದ 1911ರ ನಡುವೆ ಪಿಚರ್ ಆಗಿ 511 ಪಂದ್ಯ ಗೆದ್ದರು. ವರ್ಷಕ್ಕೆ 20 ಗೆಲುವು ಈಗ ದೊಡ್ಡ ಸಾಧನೆ, ಹಾಗೆ 25 ವರ್ಷ ಗೆದ್ದರೂ 500 ಅಷ್ಟೇ. ಈಗಿನ ಪಿಚರ್ ಐದಾರು ದಿನಕ್ಕೊಮ್ಮೆ ಎಸೆಯುತ್ತಾರೆ, ಸುಮಾರು ನೂರು ಎಸೆತಕ್ಕೆ ಅವರನ್ನು ಹೊರಗೆ ಕರೆಯುತ್ತಾರೆ. ಕ್ಯಾಲ್ ರಿಪ್ಕೆನ್‌ರ ಸತತ 2,632 ಪಂದ್ಯಗಳೂ ಹಾಗೆಯೇ. 1982ರ ಮೇ 30ರಿಂದ 1998ರ ಸೆಪ್ಟೆಂಬರ್‌ವರೆಗೆ ಅವರು ಒಂದು ದಿನವೂ ಹೊರಗುಳಿಯಲಿಲ್ಲ. ವಿಶ್ರಾಂತಿಯನ್ನು ಲೆಕ್ಕ ಹಾಕಿ ಕೊಡುವ ಈ ಕಾಲದಲ್ಲಿ ಅದಕ್ಕೆ ಯಾವ ತಂಡವೂ ಒಪ್ಪಲಾರದು.

ಇನ್ನು ಕೆಲವು, ನಿಯಮ ಬದಲಾದದ್ದರಿಂದಲೇ ಕೈಗೆಟುಕಿದಂಥವು. 2023ರಲ್ಲಿ ಬೇಸ್‌ಗಳ ಅಗಲವನ್ನು 15 ಇಂಚಿನಿಂದ 18ಕ್ಕೆ ಏರಿಸಿದರು, ಓಟಗಾರನನ್ನು ತಡೆಯಲು ಪಿಚರ್ ಎಷ್ಟು ಸಲ ಬೇಸ್ ಕಡೆ ಎಸೆಯಬಹುದೆಂಬುದಕ್ಕೂ ಮಿತಿ ಹಾಕಿದರು. ಬೇಸ್ ಕದಿಯುವುದು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿಬಿಡುವುದು, ಸುಲಭವಾಯಿತು. ಮರುವರ್ಷ ಸೆಪ್ಟೆಂಬರ್ 19ರಂದು ಮಯಾಮಿಯಲ್ಲಿ ಜಪಾನಿನ ಶೋಹೇ ಒಹ್ತಾನಿ ಒಂದೇ ಪಂದ್ಯದಲ್ಲಿ ಆರಕ್ಕೆ ಆರು ಹಿಟ್, ಮೂರು ಹೋಮ್ ರನ್, ಎರಡು ಕದ್ದ ಬೇಸ್‌ಗಳೊಂದಿಗೆ, ಒಂದು ಋತುವಿನಲ್ಲಿ 50 ಹೋಮ್ ರನ್ ಮತ್ತು 50 ಕದ್ದ ಬೇಸ್ ಎರಡನ್ನೂ ಮುಟ್ಟಿದ ಮೊದಲಿಗರಾದರು. ಋತು ಮುಗಿದಾಗ 54 ಮತ್ತು 59. ನಿಯಮ ನೆರವಾಯಿತು, ನಿಜ. ಆದರೆ ಆ ನಿಯಮ ಎಲ್ಲರಿಗೂ ಇತ್ತು, ಮುಟ್ಟಿದವರು ಅವರೊಬ್ಬರೇ.

ಹೊರಗಿಟ್ಟವರ ಲೆಕ್ಕ

1880ರ ದಶಕದ ನಂತರ ದೊಡ್ಡ ಲೀಗ್‌ಗಳು ಕಪ್ಪು ವರ್ಣೀಯರನ್ನು ಸೇರಿಸಲಿಲ್ಲ. ಬರೆದಿಟ್ಟ ಕಾನೂನೇನೂ ಇರಲಿಲ್ಲ, ಮಾಲೀಕರ ನಡುವಿನ ಒಳ ಒಪ್ಪಂದ ಸಾಕಿತ್ತು. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್‌ನಲ್ಲಿ 28 ವರ್ಷದ ಜಾಕಿ ರಾಬಿನ್‌ಸನ್ 42 ಸಂಖ್ಯೆಯ ಅಂಗಿ ತೊಟ್ಟು ಮೊದಲ ಬೇಸ್‌ನಲ್ಲಿ ನಿಂತಾಗ ಆ ಬಾಗಿಲು ತೆರೆಯಿತು. ಆ ದಿನ ಅವರಿಗೆ ಒಂದೂ ಹಿಟ್ ಸಿಗಲಿಲ್ಲ, ಆದರೆ ತಂಡವನ್ನು ಮುಂದೆ ತಂದ ರನ್ ಅವರದೇ. 1997ರಲ್ಲಿ 42 ಸಂಖ್ಯೆಯನ್ನು ಎಲ್ಲ ತಂಡಗಳಿಂದಲೂ ನಿವೃತ್ತಿಗೊಳಿಸಿದರು. ಪ್ರತಿವರ್ಷ ಏಪ್ರಿಲ್ 15ರಂದು ಮಾತ್ರ ಎಲ್ಲ ಆಟಗಾರರೂ ಅದನ್ನೇ ತೊಡುತ್ತಾರೆ.

ಹಾಗಾದರೆ ರೂತ್‌ರ 60, ಡಿಮ್ಯಾಜಿಯೊರ 56, ವಿಲಿಯಮ್ಸ್‌ರ 0.406 ಎಲ್ಲವೂ ದೇಶದ ಎಷ್ಟೋ ಉತ್ತಮ ಪಿಚರ್‌ಗಳನ್ನು ಎದುರಿಸದೆ ಬಂದವು. ಇದು ಆ ಮೂವರ ತಪ್ಪಲ್ಲ. ಆದರೆ ಅದೇ ಕಾಲದಲ್ಲಿ ನೀಗ್ರೊ ಲೀಗ್‌ಗಳಲ್ಲಿ, ಅಂದರೆ ಕಪ್ಪು ವರ್ಣೀಯರ ಪ್ರತ್ಯೇಕ ಲೀಗ್‌ಗಳಲ್ಲಿ, ಆಡುತ್ತಿದ್ದವರ ಸಾಧನೆಗಳು ಯಾವ ಅಧಿಕೃತ ಪಟ್ಟಿಯಲ್ಲೂ ಇರಲಿಲ್ಲ. ಅವರಲ್ಲಿ ಹೋಮ್‌ಸ್ಟೆಡ್ ಗ್ರೇಸ್ ತಂಡದ ಕ್ಯಾಚರ್ ಜಾಶ್ ಗಿಬ್ಸನ್ ಹೆಸರು ಎಲ್ಲಕ್ಕಿಂತ ಮುಂದೆ. ಅವರು ತೀರಿಕೊಂಡದ್ದು 1947ರ ಜನವರಿಯಲ್ಲಿ, 35ನೇ ವಯಸ್ಸಿನಲ್ಲಿ, ರಾಬಿನ್‌ಸನ್ ಅಂಗಳಕ್ಕಿಳಿಯುವ ಮೂರು ತಿಂಗಳ ಮೊದಲು.

2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ 1920ರಿಂದ 1948ರ ನಡುವಿನ ಏಳು ನೀಗ್ರೊ ಲೀಗ್‌ಗಳನ್ನು ತನಗೆ ಸಮಾನವೆಂದು ಒಪ್ಪಿತು. 2024ರ ಮೇ ಕೊನೆಯಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಅಂಕಿ ಅಂಶಗಳನ್ನು ಅಧಿಕೃತ ಪಟ್ಟಿಗೆ ಸೇರಿಸಿತು. ಜೀವಮಾನದ ಸರಾಸರಿಯಲ್ಲಿ ಟೈ ಕಾಬ್‌ರ 0.367 ಕೆಳಗಿಳಿದು ಗಿಬ್ಸನ್‌ರ 0.372 ಮೇಲೆ ಬಂತು. ಒಂದೇ ಋತುವಿನ ಸರಾಸರಿಯಲ್ಲಿ 1943ರ ಅವರ 0.466 ಮೊದಲ ಸ್ಥಾನಕ್ಕೇರಿತು. 1941ರ ನಂತರ 0.400 ಮುಟ್ಟಿದವರಿಲ್ಲ ಎಂಬ, ದಶಕಗಳಿಂದ ಎಲ್ಲರೂ ಒಪ್ಪಿದ್ದ ಮಾತೂ ಇದರೊಂದಿಗೆ ಬಿದ್ದುಹೋಯಿತು. ಮೇಲೆ ವಿಲಿಯಮ್ಸ್ ಬಗ್ಗೆ ಹೇಳುವಾಗ ಎರಡು ಲೀಗ್‌ಗಳ ಹೆಸರು ಹೇಳಬೇಕಾದದ್ದು ಅದಕ್ಕೇ.

ಇದಕ್ಕೆ ಆಕ್ಷೇಪಗಳಿವೆ. ನೀಗ್ರೊ ಲೀಗ್ ಋತುಗಳು ಚಿಕ್ಕವು, ಅರುವತ್ತು ಎಂಬತ್ತು ಲೀಗ್ ಪಂದ್ಯಗಳು, ಕಡಿಮೆ ಪಂದ್ಯಗಳಲ್ಲಿ ಸರಾಸರಿ ಎತ್ತರ ಉಳಿಸಿಕೊಳ್ಳುವುದು ಸುಲಭ ಎನ್ನುತ್ತಾರೆ. ಗಣಿತದ ದೃಷ್ಟಿಯಿಂದ ಈ ಮಾತು ಸರಿ. ಆದರೆ ಕೋವಿಡ್ ವರ್ಷವಾದ 2020ರಲ್ಲಿ ಮೇಜರ್ ಲೀಗ್ ಆಡಿದ್ದು 60 ಪಂದ್ಯಗಳ ಋತುವನ್ನೇ, ಅದರ ಪ್ರಶಸ್ತಿಗಳನ್ನೂ ಸರಾಸರಿಗಳನ್ನೂ ಯಾರೂ ಪಟ್ಟಿಯಿಂದ ತೆಗೆಯಲಿಲ್ಲ. ಮೇಲಾಗಿ ನೀಗ್ರೊ ಲೀಗ್‌ಗಳ ಲೀಗ್ ಪಂದ್ಯಗಳು ಕಡಿಮೆಯಿದ್ದುದಕ್ಕೂ ಹೊರಗಿಟ್ಟದ್ದೇ ಕಾರಣ. ಹಣವಿರಲಿಲ್ಲ, ಸ್ವಂತ ಮೈದಾನಗಳು ಕಡಿಮೆ, ಹೊಟ್ಟೆಪಾಡಿಗೆ ಊರೂರು ಸುತ್ತಿ ಪ್ರದರ್ಶನ ಪಂದ್ಯ ಆಡಬೇಕಿತ್ತು. ಆ ಪಂದ್ಯಗಳು ಲೆಕ್ಕಕ್ಕಿಲ್ಲ. ಎಲ್ಲ ಬಗೆಯ ಪಂದ್ಯಗಳನ್ನೂ ಸೇರಿಸಿ ಗಿಬ್ಸನ್ ಸುಮಾರು 800 ಹೋಮ್ ರನ್ ಹೊಡೆದರೆಂದು ಹಾಲ್ ಆಫ್ ಫೇಮ್‌ನ ಅವರ ಫಲಕ ಹೇಳುತ್ತದೆ. ಅಧಿಕೃತ ಪಟ್ಟಿಯಲ್ಲಿ ಇರುವುದು ಇನ್ನೂರಕ್ಕಿಂತ ಕಡಿಮೆ.

ಅದೇ ಪರಿಷ್ಕರಣೆಯಲ್ಲಿ ವಿಲೀ ಮೇಸ್ ಖಾತೆಗೆ ಹತ್ತು ಹಿಟ್ ಹೆಚ್ಚಾಗಿ ಸೇರಿದವು. 1948ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ತಂಡಕ್ಕೆ ಆಡಿ ಹೊಡೆದವು ಅವು. ಕೆಲವೇ ವಾರಗಳ ನಂತರ, ಜೂನ್ 18ರಂದು, 93ರ ಮೇಸ್ ತೀರಿಕೊಂಡರು. ನೀಗ್ರೊ ಲೀಗ್‌ಗಳ ದಾಖಲೆಗಳಲ್ಲಿ ಇದುವರೆಗೆ ಸಿಕ್ಕಿರುವುದು ಮುಕ್ಕಾಲು ಭಾಗ ಮಾತ್ರ ಎಂದು ಪಟ್ಟಿ ಸೇರಿಸಿದಾಗ ಲೀಗ್ ಹೇಳಿತ್ತು. ಉಳಿದದ್ದಕ್ಕಾಗಿ ಸಂಶೋಧಕರು ಆಗಿನ ಕಪ್ಪು ವರ್ಣೀಯರ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಒಂದೊಂದೇ ಪಂದ್ಯದ ಸ್ಕೋರ್‌ಕಾರ್ಡ್ ಹುಡುಕುತ್ತಿದ್ದಾರೆ. ಹೊಸದು ಸಿಕ್ಕಂತೆ ಗಿಬ್ಸನ್‌ರ ಸರಾಸರಿ ಏರಲೂಬಹುದು, ಇಳಿಯಲೂಬಹುದು.